ಡಬಕ್ ಎನ್ನುತ್ತಿದ್ದ ಚಪ್ಪಡಿ

ಡಬಕ್ ಎಂದು ಸದ್ದಾಯಿತು. ಈಳಿಗೆಮಣೆಯ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದವಳು ಎದ್ದು ಹಾಲಿನ ಪಾತ್ರೆಯನ್ನು ಒಲೆಗೆ ಏರಿಸಿದೆ. ಉರಿ ಹೊತ್ತಿಸಿದ ಮೇಲೆ ನೆನಪಾಯಿತು, ಈ ಮನೆಯಲ್ಲಿ ಕಾಫಿ ಕುಡಿಯುವವಳು ಈಗ ನಾನೊಬ್ಬಳೇ, ನನ್ನದು ಬೆಳಿಗ್ಗೆಯೇ ಆಗಿದೆ. ಒಲೆ ಆರಿಸಿ ಬಾಗಿಲು ತೆಗೆದರೆ ಮೇಲ್ಮನೆಯ ರಾಯರು ಒಂದು ಹಾಳೆ ಹಿಡಿದು ನಿಂತಿದ್ದರು. ಕುಮಾರ ಪಾರ್ಕಿನ ಈ ಬಾಡಿಗೆ ಮನೆಯ ಮುಂದೆ ಫುಟ್‌ಪಾತಿನ ಒಂದು ಚಪ್ಪಡಿಯನ್ನು ಮಳೆಮರದ ಬೇರು ಎತ್ತಿಹಾಕಿದೆ. ಯಾರು ತುಳಿದರೂ ಅದು ಕೆಳಗಿನ ಚರಂಡಿಯ ಅಂಚಿಗೆ ಬಡಿದು ಡಬಕ್ ಎನ್ನುತ್ತದೆ. ಹೋದ ವಾರ ರಾಯರ ಹೆಂಡತಿ ಅದನ್ನೇ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. "ಫುಟ್‌ಪಾತ್ ರಿಪೇರಿಗೆ ಅರ್ಜಿ ಮೇಡಂ. ಎಲ್ರೂ ಸೈನ್ ಹಾಕಿದಾರೆ, ನಿಮ್ದೊಂದೇ ಬಾಕಿ. ಓದಿಟ್ಟಿರಿ, ಸಂಜೆ ಬಂದು ಇಸ್ಕೋತೀನಿ" ಎಂದು ಹಾಳೆ ಕೊಟ್ಟು ಹೋದರು. 'ಮರದ ಬೇರುಗಳಿಂದಾಗಿ ಪಾದಚಾರಿಗಳಿಗೆ ತೀವ್ರ ತೊಂದರೆಯಾಗುತ್ತಿದ್ದು' ಎಂಬ ಸಾಲು ಕಣ್ಣಿಗೆ ಬಿತ್ತು. ಎಷ್ಟೋ ವರ್ಷದ ಹಿಂದೆ ಅಪ್ಪ ಟೈಪ್ ಮಾಡಿದ್ದ ಸಾಲೇ ಅದು, ಒಂದಕ್ಷರ ಆಚೀಚೆ ಇರಲಿಲ್ಲ. ಅಲ್ಲಿಂದ ಮುಂದೆ ಆ ದಿನವಿಡೀ ನಾನು ಕೂತಲ್ಲಿ ಕೂರಲಿಲ್ಲ.

ನಮ್ಮ ಮನೆ ಚಾಮರಾಜಪೇಟೆಯಲ್ಲಿತ್ತು. ನೀವು ಆ ಕಡೆ ಬೆಳೆದವರಾದರೆ ಅಂಥ ಮನೆಯನ್ನು ನೋಡಿಯೇ ಇರುತ್ತೀರಿ. ಮುಂದೆ ಎರಡು ಕಂಬದ ಜಗುಲಿ, ಅದಕ್ಕೆ ಹಸಿರು ಬಣ್ಣದ ಮರದ ಜಾಲರಿ, ಒಳಗೆ ಕಾಲಿಟ್ಟರೆ ಬೇಸಿಗೆಯಲ್ಲೂ ತಣ್ಣಗಿರುವ ಕೆಂಪು ನೆಲದ ನಡುಮನೆ, ಅದರಿಂದಾಚೆಗೆ ರೈಲುಬೋಗಿಯಂತೆ ಒಂದರ ಹಿಂದೊಂದು ಕೋಣೆ. ಜಗುಲಿಯಿಂದ ಮೂರು ಮೆಟ್ಟಿಲಿಳಿದರೆ ಫುಟ್‌ಪಾತು, ಅದರ ಅಂಚಿಗೆ ಹೊಂಗೆಮರ. ನಮ್ಮ ಅರ್ಧ ಬೀದಿಗೆ ಅದೊಂದೇ ನೆರಳು. ಯುಗಾದಿ ಕಳೆಯುತ್ತಿದ್ದ ಹಾಗೆ ಅದು ಹೂ ಉದುರಿಸಲು ಶುರು ಮಾಡಿದರೆ ಅಮ್ಮ ಹಾಕಿದ ರಂಗೋಲಿ ಎಂಟು ಗಂಟೆಯ ಹೊತ್ತಿಗೆ ಕಾಣಿಸುತ್ತಲೇ ಇರಲಿಲ್ಲ. ಅಮ್ಮ ಮರವನ್ನು ಬೈಯುತ್ತ ಗುಡಿಸುತ್ತಿದ್ದಳು, ಮಾರನೆಯ ದಿನ ಮತ್ತೆ ಅಲ್ಲೇ ರಂಗೋಲಿ ಹಾಕುತ್ತಿದ್ದಳು. ಆ ಮರದ ಬೇರು ಎತ್ತಿದ್ದ ಚಪ್ಪಡಿ ನಮ್ಮ ಮನೆಯ ಕಾಲಿಂಗ್ ಬೆಲ್ಲು. ಅಪ್ಪ ಬಂದರೆ ಸೈಕಲ್ಲಿನ ಎರಡು ಚಕ್ರಕ್ಕೂ ಒಂದೊಂದು ಸಲ ಡಬಕ್. ಹಾಲಿನವನು ಅದನ್ನು ಹಾರಿಯೇ ದಾಟುತ್ತಿದ್ದ, ಹಾಗಾಗಿ ಹಾಲು ಬಂದದ್ದು ಗೊತ್ತಾಗದೆ ಎಷ್ಟೋ ದಿನ ಬೆಕ್ಕಿನ ಪಾಲಾಗುತ್ತಿತ್ತು. ಮಧ್ಯಾಹ್ನ ನಾಲ್ಕೂವರೆಗೆ ಟಕ್, ಆಮೇಲೆ ಡಬಕ್, ಮತ್ತೆ ಟಕ್ ಎಂದರೆ ಸರಸತ್ತೆ ಸ್ಕೂಲಿನಿಂದ ಬಂದಳೆಂದು ಅರ್ಥ. ಅಮ್ಮ ಆ ಸದ್ದಿಗೆ ಹಾಲು ಒಲೆಗೇರಿಸಿದರೆ, ಅತ್ತೆ ಮೂರು ಮೆಟ್ಟಿಲು ಹತ್ತಿ, ಜಗುಲಿಯಲ್ಲಿ ಕೂತು, ಕಾಲಿನ ಬೆಲ್ಟು ಬಿಚ್ಚುವ ಹೊತ್ತಿಗೆ ಕಾಫಿ ಸರಿಯಾಗಿ ಅವಳ ಕೈಗೆ ಬರುತ್ತಿತ್ತು.

ಸರಸತ್ತೆ ಅಪ್ಪನ ಅಕ್ಕ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಬಲಗಾಲು ಸೋತಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಸರಳು, ಚರ್ಮದ ಪಟ್ಟಿ, ಭಾರವಾದ ಬೂಟು ಸೇರಿದ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಿದ್ದಳು. ಎರಡು ಬೀದಿ ಆಚೆಗಿದ್ದ ಹುಡುಗಿಯರ ಮಿಡಲ್ ಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದಳು. ಆಟೋದಲ್ಲಿ ಹೋಗೆಂದು ಅಪ್ಪ ಎಷ್ಟು ಹೇಳಿದರೂ ಕೇಳಿದವಳಲ್ಲ. "ದಿನಕ್ಕೆ ಎರಡು ಸಲ ನಾನೇ ನಾನಾಗಿ ಎಲ್ಲಿಗೋ ಹೋಗಿ ಬರ್ತೀನಿ, ಅದನ್ನೂ ಕಿತ್ಕೋಬೇಡ ಕಣೋ" ಎನ್ನುತ್ತಿದ್ದಳು. ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಉದ್ದನೆಯ ಕೊಡೆ. ಕೋಲು ಹಿಡಿದರೆ ಜನ ಪಾಪ ಅಂತಾರೆ, ಕೊಡೆ ಹಿಡಿದರೆ ಟೀಚರ್ ಅಂತಾರೆ ಎಂಬುದು ಅವಳ ಲೆಕ್ಕ. ಮನೆಗೆ ಬರುವಾಗ ಹೊಂಗೆಮರದ ಹತ್ತಿರ ನಿಂತು, ಬುಡದಿಂದ ಎದೆಮಟ್ಟದಲ್ಲಿ ಒಂದು ಕಡೆ ಅಂಗೈ ಊರಿ ನಾಲ್ಕು ಉಸಿರು ತೆಗೆದುಕೊಳ್ಳುತ್ತಿದ್ದಳು. ಆ ಜಾಗದಲ್ಲಿ ತೊಗಟೆ ನಮ್ಮ ಮನೆಯ ಹೊಸಿಲಿನ ಹಾಗೆ ನುಣ್ಣಗಾಗಿತ್ತು. ಅಲ್ಲಿ ಕೈ ಊರಿ, ಕೊಡೆಯನ್ನು ಎಡಕ್ಕೆ ಬದಲಾಯಿಸಿ, ಆಮೇಲೆ ಎದ್ದ ಚಪ್ಪಡಿಯನ್ನು ದಾಟುತ್ತಿದ್ದಳು.

ನಾನು ಅದೇ ಸ್ಕೂಲಿನಲ್ಲಿ ಓದುತ್ತಿದ್ದೆ. ಅತ್ತೆಯ ಚೀಲ ಹೊತ್ತು ಅವಳ ಜೊತೆ ನಡೆಯುವುದು ನನ್ನ ಕೆಲಸ. ನನಗೋ ಕಾಲಿಗೆ ಚಕ್ರ. ಹತ್ತು ಹೆಜ್ಜೆ ಓಡುವುದು, ನಿಲ್ಲುವುದು, ತಿರುಗಿ ನೋಡುವುದು, ಉಗುರು ಕಚ್ಚುವುದು. ಜೊತೆಯ ಹುಡುಗಿಯರು ಕುಂಟೆಬಿಲ್ಲೆ ಆಡುತ್ತ ನಮ್ಮನ್ನು ದಾಟಿ ಹೋಗುವಾಗ ಹೊಟ್ಟೆ ಉರಿಯುತ್ತಿತ್ತು. ಒಂದು ಜುಲೈನಲ್ಲಿ, ಜಿಟಿಜಿಟಿ ಮಳೆಯ ಬೆಳಿಗ್ಗೆ, ಅತ್ತೆ ಆ ಚಪ್ಪಡಿಯ ಮೇಲೆ ಜಾರಿ ಬಿದ್ದಳು. ಮಂಡಿ ತರಚಿತು, ಡಬ್ಬಿಯ ಚಿತ್ರಾನ್ನವೆಲ್ಲ ಚರಂಡಿಗೆ ಬಿತ್ತು, ಕೊಡೆ ಉರುಳಿಕೊಂಡು ರಸ್ತೆಯ ಮಧ್ಯಕ್ಕೆ ಹೋಯಿತು. ಅತ್ತೆ ಕೂತಲ್ಲೇ ನಗುತ್ತ "ಇವತ್ತು ಇಲಿಗಳಿಗೆ ಹಬ್ಬ" ಎಂದಳು. ನಾನು ಏನು ಮಾಡಿದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅವಳನ್ನು ಎತ್ತುವ ಮೊದಲು ನಾನು ಸುತ್ತ ನೋಡಿದೆ, ನಮ್ಮ ಕ್ಲಾಸಿನವರು ಯಾರಾದರೂ ನೋಡುತ್ತಿದ್ದಾರೆಯೇ ಎಂದು.

ಅಪ್ಪ ಒಬ್ಬ ವಕೀಲರ ಬಳಿ ಟೈಪಿಸ್ಟರಾಗಿದ್ದರು. ಜಗತ್ತಿನ ಯಾವ ಕಷ್ಟಕ್ಕೂ ಮೂರು ಪ್ರತಿ ಟೈಪ್ ಮಾಡಿ ಕೊಟ್ಟರೆ ಪರಿಹಾರ ಸಿಗುತ್ತದೆ ಎಂದು ನಂಬಿದ್ದವರು. ಅಕ್ಕ ಬಿದ್ದ ಸಂಜೆಯೇ ಒಂದು ಅರ್ಜಿ ತಯಾರಾಯಿತು. ಬೀದಿಯವರೆಲ್ಲ ಸಹಿ ಹಾಕಿದರು. ಸರಸತ್ತೆಯ ಹತ್ತಿರ ಪಾಠ ಕಲಿತ ಹೆಂಗಸರೇ ಅರ್ಧ ಮನೆಗಳಲ್ಲಿದ್ದರಲ್ಲ! ಅರ್ಜಿ ಕಾರ್ಪೊರೇಷನ್ ಕಚೇರಿಗೆ ಹೋಯಿತು, ದಸರಾ ಬಂತು, ದೀಪಾವಳಿ ಕಳೆಯಿತು, ನಾವು ಮರೆತೂ ಬಿಟ್ಟೆವು. ಚಳಿಗಾಲದ ಒಂದು ದಿನ ಬಣ್ಣದ ಡಬ್ಬಿ ಹಿಡಿದು ಒಬ್ಬಾತ ಬಂದು ಹೊಂಗೆಮರದ ಮೇಲೆ ಕೆಂಪಗೆ ಒಂದು ಕತ್ತರಿ ಗುರುತು ಎಳೆದು, ಕೆಳಗೊಂದು ನಂಬರು ಬರೆದು ಹೋದ. ಕಡಿಯುವ ಮರಕ್ಕೆ ಹಾಕುವ ಗುರುತು ಅದು. ಅಪ್ಪ ಹೌಹಾರಿ "ನಾನು ಕೇಳಿದ್ದು ಕಲ್ಲು ಸರಿ ಮಾಡಿ ಅಂತ, ಮರ ಕಡೀರಿ ಅಂತ ಎಲ್ಲಿ ಬರ್ದಿದ್ದೆ?" ಎಂದು ಕಾರ್ಬನ್ ಪ್ರತಿ ಹುಡುಕಿ ತೆಗೆದರು. ಮರದ ಬೇರುಗಳಿಂದಾಗಿ ಎಂದು ತಾವೇ ಟೈಪ್ ಮಾಡಿದ್ದು ಕಾಣಿಸಿತು. ಆ ಹೊತ್ತಿನ ಅವರ ಮುಖವನ್ನು ನಾನು ಮರೆತಿಲ್ಲ. ಅತ್ತೆ ಎರಡು ದಿನ ಅವರೊಂದಿಗೆ ಮಾತೇ ಆಡಲಿಲ್ಲ. ಮೂರನೆಯ ದಿನ "ನನ್ನ ಹೆಸರಲ್ಲಿ ಮರ ಕಡಿಸಿದ್ರೆ ನಾನು ಆ ದಾರೀಲಿ ಹೇಗೋ ನಡೀಲಿ?" ಎಂದಳು. ಅಪ್ಪ ಮತ್ತೆ ಟೈಪ್‌ರೈಟರಿನ ಮುಂದೆ ಕೂತರು. ಮರವನ್ನು ಉಳಿಸಬೇಕೆಂದು ಎರಡನೆಯ ಅರ್ಜಿ ಹೋಯಿತು, ಅದಕ್ಕೂ ಅವವೇ ಸಹಿಗಳು.

ಅಮ್ಮನಿಗೆ ಅರ್ಜಿಯ ಮೇಲೆ ಅಂಥ ಭರವಸೆಯೇನೂ ಇರಲಿಲ್ಲ. ಗಾಜು ಒಡೆದ ದೇವರ ಪಟವನ್ನು ನಮ್ಮ ಕಡೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಕಸಕ್ಕೂ ಹಾಕುವುದಿಲ್ಲ. ಯಾವುದಾದರೂ ಮರದ ಬುಡಕ್ಕೆ ಒರಗಿಸಿ ಕೈಮುಗಿದು ಬರುತ್ತಾರೆ. ಅಟ್ಟದ ಮೇಲೆ ಅಂಥದೊಂದು ಲಕ್ಷ್ಮಿಯ ಪಟ ವರ್ಷಗಟ್ಟಲೆ ಕಾದು ಕೂತಿತ್ತು. ಅಮ್ಮ ಅದನ್ನು ಇಳಿಸಿ, ಒರೆಸಿ, ಸರಿಯಾಗಿ ಆ ಕೆಂಪು ಗುರುತಿನ ಮೇಲೆ ತೆಂಗಿನ ಹುರಿಯಿಂದ ಬಿಗಿದಳು. ಮುಂದಿನ ಶುಕ್ರವಾರದ ಹೊತ್ತಿಗೆ ಇಡೀ ಬೀದಿಯ ಅಟ್ಟಗಳು ಖಾಲಿಯಾಗಿದ್ದವು. ಮೂಲೆ ಒಡೆದ ಗಣಪತಿ, ಬಣ್ಣ ಮಾಸಿದ ವೆಂಕಟರಮಣ, ಗೆದ್ದಲು ಅರ್ಧ ತಿಂದ ಸತ್ಯನಾರಾಯಣ, ಎಲ್ಲರೂ ಮರದ ಸುತ್ತ ಜಾಗ ಹಿಡಿದರು. ಅರಿಶಿನ ಕುಂಕುಮ ಬಿತ್ತು, ಮಣ್ಣಿನ ಹಣತೆ ಬಂತು. ಅತ್ತೆ ಕೈ ಊರುವ ಜಾಗವನ್ನು ಮಾತ್ರ ಯಾರೂ ಮುಚ್ಚಲಿಲ್ಲ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ನಮ್ಮ ಹೊಂಗೇಮರ ಈಗ ದೇವರುಗಳ ಆಸ್ಪತ್ರೆ. ನಾನೂ ಇಲ್ಲೇ ಅಡ್ಮಿಟ್ ಆಗಿಬಿಡ್ತೀನಿ" ಎನ್ನುತ್ತಿದ್ದಳು.

ಬೇಸಿಗೆ ಶುರುವಾಗುವಾಗ ಇಂಜಿನಿಯರು ಬಂದರು. ಚಿಕ್ಕ ವಯಸ್ಸಿನ, ಮೆದು ಮಾತಿನ ಮನುಷ್ಯ. ಎರಡು ಅರ್ಜಿಗಳೂ ಒಂದೇ ಫೈಲಿನಲ್ಲಿದ್ದವು. ಮರವನ್ನು ನೋಡಿದರು, ದೇವರುಗಳನ್ನು ನೋಡಿದರು, ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆಯ ಕ್ಯಾಲಿಪರನ್ನೂ ನೋಡಿದರು. ಮರ ಕಡಿಯುವುದು ಬೇಡ, ಆದರೆ ಫುಟ್‌ಪಾತೂ ಮಟ್ಟವಾಗಬೇಕಲ್ಲ, ಮನೆಯ ಕಡೆಗೆ ಬಂದಿರುವ ಬೇರನ್ನು ಬೇಕಾದಷ್ಟೇ ತೆಗೆದು ಚಪ್ಪಡಿ ಕೂರಿಸೋಣ ಎಂದರು. ನಾವೆಲ್ಲ ಗೆದ್ದೆವೆಂದುಕೊಂಡೆವು. ಅಮ್ಮ ಅವರಿಗೆ ಕೋಸಂಬರಿ, ಪಾನಕ ಕೊಟ್ಟಳು. ಅಪ್ಪ ಕೃತಜ್ಞತೆಯ ಪತ್ರವೊಂದನ್ನೂ ಟೈಪ್ ಮಾಡಿದರು. ನಮ್ಮ ಕಣ್ಣೆಲ್ಲ ಮರದ ಮೈಮೇಲಿತ್ತು, ನೆಲದ ಕೆಳಗೆ ಏನಿದೆಯೆಂದು ಯಾರೂ ಕೇಳಲಿಲ್ಲ.

ಕೆಲಸದವರು ಬಂದದ್ದು ಏಪ್ರಿಲ್ ರಜೆಯಲ್ಲಿ. ಅಪ್ಪ ಆಫೀಸಿಗೆ ಹೋಗಿದ್ದರು, ಅಮ್ಮ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದಳು, ಅತ್ತೆ ಊಟ ಮಾಡಿ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ್ದಳು. ನಾನು ಜಗುಲಿಯಲ್ಲಿ ಜಾಲರಿಗೆ ಮೂಗು ಒತ್ತಿ ನಿಂತಿದ್ದೆ. ಚಪ್ಪಡಿಗಳನ್ನು ಹಾರೆ ಹಾಕಿ ಎತ್ತಿದಾಗ ಕೆಳಗಿನಿಂದ ಎಷ್ಟೋ ವರ್ಷದ ತಂಪು ವಾಸನೆಯೊಂದು ಎದ್ದು ಬಂತು. ಸಣ್ಣ ಬೇರುಗಳನ್ನು ಕಡಿದರು, ಹಸಿ ಹಸಿ ಕಹಿಯ ವಾಸನೆ ಬೀದಿಗೆಲ್ಲ ಹಬ್ಬಿತು. ಕೊನೆಗೆ ಒಂದೇ ಒಂದು ಬೇರು ಉಳಿಯಿತು. ಅದು ನನ್ನ ಸೊಂಟದಷ್ಟು ದಪ್ಪವಿತ್ತು. ಮೇಸ್ತ್ರಿ ಕೊಡಲಿಯನ್ನು ಕೆಳಗಿಟ್ಟು ಬೀಡಿ ಹಚ್ಚಿದ. ನರೆತ ಮೀಸೆಯ ಮುದುಕ. ಸುತ್ತ ನೋಡಿ ನನ್ನನ್ನು ಕರೆದ. "ನೋಡವ್ವಾ, ಇದನ್ನ ಬಿಟ್ರೆ ಕಲ್ಲು ಗೇಣುದ್ದ ಎದ್ದೇ ಇರ್ತದೆ. ಕಡುದ್ರೆ ಮಟ್ಟ ಬತ್ತದೆ. ಆದ್ರೆ ಇದು ಮರದ ಕಾಲು ಕಣವ್ವಾ. ಹೋಗು, ಒಳಗೆ ದೊಡ್ಡೋರ್ನ ಕೇಳ್ಕೊಂಡ್ ಬಾ."

ನಾನು ಒಳಗೆ ಓಡಿದೆ. ನಡುಮನೆಯ ಬಾಗಿಲು ದಾಟಿದವಳು ಅದರ ಹಿಂದೆಯೇ ನಿಂತುಬಿಟ್ಟೆ. ಕೇಳಿದರೆ ಅತ್ತೆ ಬೇಡ ಅನ್ನುತ್ತಾಳೆ, ಅಮ್ಮ ಅಪ್ಪ ಬರಲಿ ಅನ್ನುತ್ತಾಳೆ, ಅಪ್ಪ ಇನ್ನೊಂದು ಅರ್ಜಿ ಟೈಪ್ ಮಾಡುತ್ತಾರೆ, ಕಲ್ಲು ಹಾಗೇ ಇರುತ್ತದೆ. ಜೂನ್ ಬರುತ್ತದೆ, ಮಳೆ ಬರುತ್ತದೆ, ಅತ್ತೆ ಮತ್ತೆ ಬೀಳುತ್ತಾಳೆ, ಎಲ್ಲರೂ ಮತ್ತೆ ನೋಡುತ್ತಾರೆ. ಅವಳು ಬೀಳಬಾರದೆಂದು ನನಗೆ ಆಸೆಯಿತ್ತು ಎಂಬುದು ನಿಜ. ಎಲ್ಲರೂ ನೋಡಬಾರದೆಂಬ ಆಸೆಯೂ ಅಷ್ಟೇ ಇತ್ತು. ಯಾವುದು ಹೆಚ್ಚಿತ್ತೆಂದು ಇಷ್ಟು ವರ್ಷ ಯೋಚಿಸಿದರೂ ನನಗೆ ಹೇಳಲಾಗುತ್ತಿಲ್ಲ. ಒಳಗೆ ಹೋಗಿ ಕೇಳಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಾಗಲಿ ಎಂದು ಬಾಯೊಳಗೇ ಒಂದರಿಂದ ಐವತ್ತರವರೆಗೆ ಎಣಿಸಿದೆ. ಆಮೇಲೆ ಹೊರಗೆ ಹೋಗಿ "ಕಡೀಬೇಕಂತೆ" ಎಂದೆ. ಮೇಸ್ತ್ರಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಬೀಡಿ ಆರಿಸಿ, ಲಕ್ಷ್ಮಿಯ ಪಟಕ್ಕೆ ಕೈಮುಗಿದು ಕೊಡಲಿ ಎತ್ತಿಕೊಂಡ.

ಫುಟ್‌ಪಾತು ಬಲು ಚೆನ್ನಾಗಿ ಆಯಿತು, ಅದನ್ನು ಹೇಳದಿದ್ದರೆ ಮೋಸವಾಗುತ್ತದೆ. ಗೋಲಿ ಇಟ್ಟರೆ ಉರುಳದಷ್ಟು ಮಟ್ಟಸ. ಜೂನಿನಲ್ಲಿ ಸ್ಕೂಲು ಶುರುವಾದಾಗ ಅತ್ತೆ ಕೊಡೆಯನ್ನು ನೆಲಕ್ಕೆ ಊರದೆ, ತೋಳಿಗೆ ನೇತುಹಾಕಿಕೊಂಡು ನಡೆದಳು. ನನಗಿಂತ ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿ "ಏನೇ ಪುಟ್ಟೀ, ಕಾಲು ನೋವಾ?" ಎಂದು ಛೇಡಿಸಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ನೋಡಿರಲಿಲ್ಲ. ಸಿಮೆಂಟು ಹಾಕಿ ಕೂರಿಸಿದ ಚಪ್ಪಡಿ ಮಾತ್ರ ಸದ್ದು ಮಾಡುತ್ತಿರಲಿಲ್ಲ. ಅತ್ತೆ ಜಗುಲಿಗೆ ಬಂದು ಕೂತು ಬೆಲ್ಟು ಬಿಚ್ಚಿ ಮುಗಿಸಿದರೂ ಅಮ್ಮನಿಗೆ ತಿಳಿಯುತ್ತಿರಲಿಲ್ಲ. "ಅಯ್ಯೋ ಸರಸಕ್ಕ, ಯಾವಾಗ ಬಂದ್ರಿ?" ಎಂದು ಗಾಬರಿಯಿಂದ ಹಾಲು ಹುಡುಕುತ್ತಿದ್ದಳು. ಮರ ಎರಡು ವರ್ಷ ಹಸಿರಾಗಿಯೇ ನಿಂತಿತ್ತು, ಹೂವನ್ನೂ ಉದುರಿಸಿತು. ದೇವರ ಪಟಗಳು ಮಾತ್ರ ಯಾಕೋ ರಸ್ತೆಯ ಕಡೆಗೆ ಓರೆಯಾಗುತ್ತಿದ್ದವು. ಹುರಿ ಸಡಿಲವಾಗಿದೆ ಎಂದುಕೊಂಡು ಅಮ್ಮ ಪ್ರತಿ ಶುಕ್ರವಾರ ನೆಟ್ಟಗೆ ಮಾಡುತ್ತಿದ್ದಳು, ಕೆಲವು ವಾರ ಕಳೆದರೆ ಮತ್ತೆ ಓರೆ.

ಮೂರನೆಯ ಬೇಸಿಗೆಯಲ್ಲಿ, ಸಂಜೆ ಐದರ ಹೊತ್ತಿಗೆ ಗಾಳಿ ಎದ್ದು ಆಲಿಕಲ್ಲಿನ ಮಳೆ ಹೊಡೆಯುತ್ತಿದ್ದಾಗ ಮರ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ, ಯಾರೋ ದೀರ್ಘವಾಗಿ ನಿಟ್ಟುಸಿರು ಬಿಟ್ಟ ಹಾಗೆ ಕೇಳಿಸಿತು, ಅಷ್ಟೆ. ಮಳೆಗೆ ರಸ್ತೆ ಖಾಲಿಯಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಮಳೆ ನಿಂತ ಮೇಲೆ ಬೀದಿಯವರೆಲ್ಲ ಸುತ್ತ ನೆರೆದರು. ಎಂಥಾ ಗಾಳಿ, ಎಂಥಾ ಗಾಳಿ ಎಂದು ಎಲ್ಲರೂ ಹೇಳಿದರು. ಅಪ್ಪನೂ ಅದನ್ನೇ ಹೇಳಿದರು. ನಾನು ಮರ ಕಿತ್ತುಬಂದ ಗುಂಡಿಯ ಅಂಚಿಗೆ ಹೋಗಿ ನೋಡಿದೆ. ರಸ್ತೆಯ ಕಡೆಯ ಬೇರುಗಳು ಮಣ್ಣಿನಲ್ಲೇ ಹಿಡಿದುಕೊಂಡಿದ್ದವು. ನಮ್ಮ ಮನೆಯ ಕಡೆ, ಕೊಡಲಿ ನೇರವಾಗಿ ಕಡಿದಿದ್ದ ಆ ದಪ್ಪ ಬೇರಿನ ತುದಿ ಕಪ್ಪಗೆ ಕೊಳೆತು ಹೋಗಿತ್ತು. ಬಾಯಿಗೆ ಬೀಗ ಹಾಕಿಕೊಂಡು ಒಳಗೆ ಬಂದುಬಿಟ್ಟೆ. ಅಮ್ಮ ಮತ್ತು ಅತ್ತೆ ಕೊಂಬೆಗಳ ಅಡಿಯಿಂದ ದೇವರುಗಳನ್ನು ಒಂದೊಂದಾಗಿ ಆರಿಸಿ ಗೋಣಿಚೀಲಕ್ಕೆ ತುಂಬುತ್ತಿದ್ದರು. ಅವನ್ನು ಬಿಟ್ಟುಬರಲು ಇನ್ನೊಂದು ಮರ ಹುಡುಕಿಕೊಂಡು ಅಪ್ಪ ಮಾರನೆಯ ದಿನ ಸೈಕಲ್ಲಿನಲ್ಲಿ ಎಲ್ಲೆಲ್ಲೋ ಅಲೆದರು.

ಗುಂಡಿ ಮುಚ್ಚಿ ಅಲ್ಲಿಗೂ ಚಪ್ಪಡಿ ಹಾಕಿದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತಡೆಯಿಲ್ಲದ ನೇರ ದಾರಿ, ಅದರ ತುಂಬ ಬಿಸಿಲು. ಅತ್ತೆ ಸ್ಕೂಲಿನಿಂದ ಬರುವಾಗ ಆ ಜಾಗಕ್ಕೆ ಬಂದ ಕೂಡಲೇ ಅವಳ ಅಂಗೈ ತಾನಾಗಿ ಎದೆಮಟ್ಟಕ್ಕೆ ಏಳುತ್ತಿತ್ತು. ಏನೂ ಸಿಗದೆ ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತಿತ್ತು. ಅವಳು ಆ ಕೈಯಿಂದಲೇ ಸೆರಗು ಸರಿಮಾಡಿಕೊಂಡಂತೆ ನಟಿಸುತ್ತಿದ್ದಳು. ನಾನು ಬೇರೆ ಕಡೆ ನೋಡುತ್ತಿದ್ದೆ. ಮುಂದಿನ ಬೇಸಿಗೆಯ ಹೊತ್ತಿಗೆ ನಿಲ್ಲಲು ನೆರಳಿಲ್ಲ, ಊರಲು ಏನೂ ಇಲ್ಲ ಎಂದು ಅವಳೇ ಅಪ್ಪನಿಗೆ ಆಟೋ ಗೊತ್ತು ಮಾಡಲು ಹೇಳಿದಳು. ಅತ್ತೆಗೆಂದು ಆದ ದಾರಿಯಲ್ಲಿ ಅತ್ತೆ ನಡೆಯುವುದನ್ನೇ ಬಿಟ್ಟಳು.

ಆಮೇಲಿನದು ನಿಮಗೂ ಗೊತ್ತಿರುವಂಥದೇ. ಹೊಸ ಶತಮಾನ ಬಂತು, ಮನೆಯನ್ನು ಮಾರಿದೆವು, ಜಗುಲಿಯಿದ್ದ ಕಡೆ ಶಟರ್ ಬಾಗಿಲ ಅಂಗಡಿಗಳಾದವು, ಮೇಲೆ ಮೂರು ಮಹಡಿ ಎದ್ದವು. ನಾವು ಕುಮಾರ ಪಾರ್ಕಿಗೆ ಬಂದೆವು. ವರ್ಷಗಳು ಕಳೆದಂತೆ ಅಪ್ಪ ಹೋದರು, ಅಮ್ಮ ಹೋದಳು. ಅತ್ತೆ ಕೊನೆಯವಳು. ಹೋದ ವರ್ಷ ಅವಳು ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ಹೊರಗೆ ಯಾರೋ ಚಪ್ಪಡಿಯನ್ನು ತುಳಿದರು. ಡಬಕ್. ಅತ್ತೆ ಕಣ್ಣು ಮುಚ್ಚಿಕೊಂಡೇ "ನಮ್ಮನೆ ಸದ್ದು ಕಣೇ" ಎಂದಳು. ಆಮೇಲೆ ಪಾಠ ಒಪ್ಪಿಸಲು ಹೇಳುವವಳ ದನಿಯಲ್ಲಿ, "ಆವತ್ತು ಎಷ್ಟರವರೆಗೆ ಎಣಿಸ್ದೆ?" ಎಂದು ಕೇಳಿದಳು. ನಾನು ಯೋಚಿಸದೆ "ಐವತ್ತು" ಎಂದುಬಿಟ್ಟೆ. ಎಣಿಸಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ನಾನು ಎಚ್ಚರವಾಗೇ ಇದ್ದೆ ಪುಟ್ಟೀ" ಎಂದಳು ಅತ್ತೆ. "ಮೇಸ್ತ್ರಿ ಹೇಳಿದ್ದೂ ಕೇಳಿಸ್ತು, ನೀನು ಬಾಗಿಲ ಹಿಂದೆ ನಿಂತು ತುಟಿ ಆಡಿಸ್ತಿದ್ದದ್ದೂ ಕಾಣಿಸ್ತು. ನಿನ್ನ ಜೊತೆ ನಾನೂ ಎಣಿಸ್ತಾ ಇದ್ದೆ. ಐವತ್ತರೊಳಗೆ ಬೇಡ ಅನ್ನಬಹುದಿತ್ತು. ಕ್ಯಾಲಿಪರ್ ಬಿಚ್ಚಿಟ್ಟಿದ್ದೆ, ಏಳಕ್ಕಾಗ್ಲಿಲ್ಲ ಅಂತ ಆಮೇಲೆ ನನಗೆ ನಾನೇ ಹೇಳ್ಕೊಂಡೆ. ನಾಲಿಗೆ ಬಿಚ್ಚಿಟ್ಟಿರ್ಲಿಲ್ವಲ್ಲ? ನಂಗೂ ಒಂದ್ಸಲ ಮಟ್ಟದ ಮೇಲೆ ನಡೀಬೇಕು ಅಂತ ಆಸೆ ಇತ್ತು ಕಣೇ." ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು. ನನಗೆ ಅಳು ಬಂತೋ ನಗು ಬಂತೋ ಈಗ ನೆನಪಿಲ್ಲ. ಇಷ್ಟು ವರ್ಷ ನನ್ನೊಬ್ಬಳದೇ ಎಂದು ಹೊತ್ತು ತಿರುಗಿದ್ದನ್ನು ಅವಳೂ ಅದೇ ಮನೆಯಲ್ಲಿ, ನನ್ನ ಪಕ್ಕದಲ್ಲೇ ಹೊತ್ತುಕೊಂಡಿದ್ದಳು ಎಂದು ತಿಳಿದಾಗ ಹಗುರವಾಗಬೇಕಿತ್ತು, ಆಗಲಿಲ್ಲ. ಅದಾದ ಎರಡು ವಾರಕ್ಕೆ ಅವಳು ತೀರಿಕೊಂಡಳು.

ರಾಯರು ಕೊಟ್ಟ ಹಾಳೆಯನ್ನು ಆ ದಿನ ಎಷ್ಟು ಸಲ ಓದಿದೆನೋ. ಪೆನ್ನು ತೆಗೆದೆ, ಇಟ್ಟೆ. 'ಬೇರುಗಳಿಂದಾಗಿ' ಎಂಬುದನ್ನು ಹೊಡೆದುಹಾಕಲೇ ಎಂದುಕೊಂಡೆ. ಹೊಡೆದುಹಾಕಿದರೆ ಬೇರು ಇಲ್ಲವಾಗುತ್ತದೆಯೇ? ಕಿಟಕಿಗೆ ಹೋಗಿ ಮಳೆಮರವನ್ನು ನೋಡಿದೆ. ಹೊರಗೆ ಬಂದು ತಲೆಯೆತ್ತಿದರೆ ಮೇಲ್ಮನೆಯ ಬಾಲ್ಕನಿಯಲ್ಲಿ ರಾಯರ ಹೆಂಡತಿ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬೀದಿ ನೋಡುತ್ತ ಕೂತಿದ್ದರು. ದಿನಾ ಸಂಜೆ ಪಾರ್ಕಿನವರೆಗೆ ಒಬ್ಬರೇ ನಡೆದು ಹೋಗಿ ಬರುತ್ತಿದ್ದ ಹೆಂಗಸು. ಬಿದ್ದಂದಿನಿಂದ ಮೆಟ್ಟಿಲಿಳಿದಿಲ್ಲ. ಒಳಗೆ ಹೊರಗೆ, ಅಡುಗೆಮನೆಗೆ, ಮತ್ತೆ ಕಿಟಕಿಗೆ ತಿರುಗಿ ತಿರುಗಿ ಸಾಕಾಯಿತು.

ಸಂಜೆ ಆರಕ್ಕೆ ಡಬಕ್ ಎಂದಿತು. ಬಾಗಿಲು ತೆಗೆದೆ. "ಸೈನ್ ಆಯ್ತಾ ಮೇಡಂ?" ಎಂದರು ರಾಯರು.

"ಇರಿ, ಒಳಗೆ ಕೇಳ್ಕೊಂಡ್ ಬರ್ತೀನಿ" ಎಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ತಿಳಿಯದು. ಹಾಳೆ ಹಿಡಿದುಕೊಂಡು ಒಳಗೆ ಬಂದು ಬಾಗಿಲ ಹಿಂದೆ ನಿಂತೆ. ಈ ಸಲ ನಿಜವಾಗಿ ಕೇಳಬೇಕೆಂದೇ ಬಂದಿದ್ದೆ. ಒಳಗೆ ಯಾರೂ ಇರಲಿಲ್ಲ.